ಹಳದಿ ಶಾಕ್, ಕಂಪನಿ ಸ್ಪ್ರಿಂಗ್: ಪುಣೆಯ ರಸ್ತೆಯಲ್ಲಿ ನನ್ನ ಅನುಭವ

ಕಾರಿಗೆ ಸ್ಪೋರ್ಟ್ಸ್ ಸಸ್ಪೆನ್ಷನ್ (ಗುಂಡಿಯ ಹೊಡೆತ ತಾಳುವ ಸ್ಪ್ರಿಂಗ್, ಅದರ ಕುಣಿತ ಹಿಡಿಯುವ ಶಾಕ್) ಹಾಕಿಕೊಂಡು ಪುಣೆಯಲ್ಲಿ ದಿನಾ ಆಫೀಸಿಗೆ ಓಡಾಡುತ್ತೇನೆ ಅಂದಾಗ ಒಬ್ಬರೂ ನಂಬಲಿಲ್ಲ. ಗೆಳೆಯರು ಬೇಡವೇ ಬೇಡ ಅಂದರು. ನಮ್ಮ ಗ್ಯಾರೇಜಿನ ಮಿಸ್ತ್ರಿ ಇಂಡಿ ಕಡೆಯವರು. "ಸರ, ಗಟ್ಟಿ ಶಾಕ್ ಹಾಕಿದ್ರ ಸೊಂಟ ಹೋಗ್ತದ ನೋಡ್ರಿ. ಆಮ್ಯಾಲೆ ನನಗ ಅನಬ್ಯಾಡ್ರಿ" ಅಂತ ಮೊದಲೇ ಹೇಳಿಬಿಟ್ಟಿದ್ದರು. ಈಗ ಹೊಸ ಸೆಟಪ್ ಮೇಲೆ 14-15 ಸಾವಿರ ಕಿ.ಮೀ. ಆಗಿದೆ. ಪೂರ್ತಿ ಒಂದು ಮಳೆಗಾಲವೂ ಕಳೆದಿದೆ. ಇನ್ನು ಬರೆಯಬಹುದು ಅನ್ನಿಸಿತು.

ಕಾರು 2014ರ ಪೋಲೋ ಜಿಟಿ ಟಿಎಸ್‌ಐ. ಇಲ್ಲೇ ಚಾಕಣ್‌ನಲ್ಲಿ ತಯಾರಾದದ್ದು. ದಿನಾ ವಾರ್ಜೆಯಿಂದ ಚಾಂದನಿ ಚೌಕ್ ದಾಟಿ ಹಿಂಜವಡಿಗೆ, ಹೋಗಿಬಂದರೆ 40 ಕಿ.ಮೀ. ಹತ್ತಿರ. ತಿಂಗಳಿಗೊಮ್ಮೆ ಧಾರವಾಡಕ್ಕೆ, ಅವ್ವನನ್ನು ನೋಡಲು. ರಜೆ ಸಿಕ್ಕರೆ ತಾಮ್ಹಿಣಿ ಘಾಟ್. ಈ ಮೂರೂ ಕಡೆ ಒಂದೇ ಕಾರು ಚೆನ್ನಾಗಿ ಓಡಬೇಕು, ಇಷ್ಟೇ ನನ್ನ ಆಸೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಾರನ್ನು ತಗ್ಗಿಸುವ ಲೋಯರಿಂಗ್ ಸ್ಪ್ರಿಂಗ್ ತಂದೆ, 18 ಸಾವಿರ ಇರಬೇಕು. ಡಬ್ಬದ ಮೇಲೆ 30 ಮಿ.ಮೀ. ಇಳಿಯುತ್ತದೆ ಅಂತ ಇತ್ತು. ಅದು ಹೊರದೇಶದ ಕಾರಿನ ಲೆಕ್ಕ. ನಮ್ಮ ದೇಶದ ಪೋಲೋ ಮೊದಲಿಂದಲೇ ಸ್ವಲ್ಪ ಎತ್ತರ ಅಲ್ವಾ, ಹಾಗಾಗಿ ನನ್ನದು ಇಳಿದದ್ದು 40ರ ಮೇಲೆ. ನೋಡಲು ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ಆರು ತಿಂಗಳಿಗೆ ಮುಂದಿನಿಂದ ಗಡಗಡ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ಹೊಡೆತ ತಾಳುವ ಫೋಮ್ ತುಂಡು) ರಸ್ಕಿನ ಪುಡಿಯ ಹಾಗೆ ಕೈಯಲ್ಲಿ ಉದುರಿತು. ಅಷ್ಟು ದಿನ ನಾನು ಸ್ಪ್ರಿಂಗ್ ಮೇಲೆ ಓಡಿಸುತ್ತಲೇ ಇರಲಿಲ್ಲ, ಆ ಫೋಮ್ ತುಂಡಿನ ಮೇಲೆ ಓಡಿಸುತ್ತಿದ್ದೆ. ಹಳೆ ಶಾಕ್ ಕೂಡ ಸೋರಲು ಶುರುವಾಗಿತ್ತು. 60 ಸಾವಿರ ಕಿ.ಮೀ. ಓಡಿದ ಶಾಕ್‌ಗೆ ಚಿಕ್ಕ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಇನ್ನೇನಾಗುತ್ತದೆ. ಸ್ಪ್ರಿಂಗ್ ಮಾರಿದಾಗ ಬಂದದ್ದು 9 ಸಾವಿರ.

ಎರಡನೇ ತಪ್ಪು ದೊಡ್ಡದು. ಮುಂಬೈಯಿಂದ ಸೆಕೆಂಡ್ ಹ್ಯಾಂಡ್ ಕಾಯಿಲೋವರ್ (ಎತ್ತರ, ಬಿಗಿ ಎರಡನ್ನೂ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಸೆಟ್, 48 ಸಾವಿರ. ಜೊತೆಗೆ 17 ಇಂಚಿನ ಅಲಾಯ್, 205/45 ಟಯರ್. ಇದರ ಲೆಕ್ಕ ನಾನು ಮೊದಲೇ ಹಾಕಬೇಕಿತ್ತು. ಕಂಪನಿಯ 185/60 ಆರ್15 ಟಯರಿನ ಅಗಲ 185 ಮಿ.ಮೀ., ಗೋಡೆ ಅದರ ಶೇ. 60, ಅಂದರೆ 111 ಮಿ.ಮೀ. 205/45ರದ್ದು ಬರೀ 92. ಗುಂಡಿಗೆ ಮೊದಲು ಸಿಗುವ ಸ್ಪ್ರಿಂಗ್ ಟಯರೇ, ಅದರಲ್ಲೇ ಸುಮಾರು ಎರಡು ಸೆಂಟಿಮೀಟರ್ ಕಳೆದುಕೊಂಡೆ. ಚಕ್ರದ ತೂಕ ಬೇರೆ ಏರಿತು. ಜುಲೈ ಮುಗಿಯುವ ಹೊತ್ತಿಗೆ ಎರಡು ರಿಮ್ ಸೊಟ್ಟಗಾದವು.

ಆದರೆ ಆ ಕಾಯಿಲೋವರ್‌ನಿಂದಲೇ ನಾನು ಕಲಿತದ್ದು ಜಾಸ್ತಿ. ಸಾತಾರಾ ರಸ್ತೆಯಲ್ಲಿ ಖೇಡ್ ಶಿವಾಪುರದ ಹತ್ತಿರ ಒಂದು ಡೈವರ್ಷನ್, ಸಾಲಾಗಿ ಆರೇಳು ಗುಂಡಿ. ಮೊದಲನೆಯದು ಸಲೀಸು. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಬರುವಾಗ ಸಸ್ಪೆನ್ಷನ್ ಇಲ್ಲವೇ ಇಲ್ಲ ಅನ್ನುವ ಹಾಗೆ ಬಡಿಯಿತು. ಗುಂಡಿ ಎಲ್ಲವೂ ಒಂದೇ ಆಳ. ಹಾಗಾದರೆ ಮೂರನೆಯದಕ್ಕೆ ಮಾತ್ರ ಯಾಕೆ? ಎರಡು ದಿನ ತಲೆ ಕೆಡಿಸಿಕೊಂಡೆ. ರೀಬೌಂಡ್, ಅಂದರೆ ಒತ್ತಿದ ಶಾಕ್ ಮತ್ತೆ ಚಾಚುವಾಗಿನ ತಡೆ, ಜಾಸ್ತಿ ಬಿಗಿಯಾಗಿತ್ತು. ಒತ್ತಿಹೋದ ಚಕ್ರ ಪೂರ್ತಿ ಕೆಳಗೆ ಬರುವ ಮೊದಲೇ ಮುಂದಿನ ಗುಂಡಿ ಬರುತ್ತಿತ್ತು. ಪ್ರತಿ ಗುಂಡಿಗೂ ಕಾರು ಸ್ವಲ್ಪ ಸ್ವಲ್ಪ ಕೆಳಗೆ ಕೂತು, ಮೂರನೆಯದಕ್ಕೆ ಬಂಪ್ ಸ್ಟಾಪ್ ತಲುಪುತ್ತಿತ್ತು. ಬಡಿತ ಕಮ್ಮಿಯಾಗಲಿ ಅಂತ ನಾವು ಇನ್ನೂ ಬಿಗಿ ಮಾಡುತ್ತಾ ಹೋಗಿದ್ದೆವು, ಪೂರ್ತಿ ಉಲ್ಟಾ! ನಾಲ್ಕೈದು ಕ್ಲಿಕ್ ಸಡಿಲ ಮಾಡಿ ಅದೇ ದಾರಿಯಲ್ಲಿ ಮತ್ತೆ ಬಂದೆ. ಮೂರನೆಯದೂ ಮೊದಲನೆಯದರ ಹಾಗೇ ದಾಟಿತು. ಆ ಸಂಜೆ ನನಗಾದ ಖುಷಿ ಹೇಳಲಾರೆ.

ಅಷ್ಟರಲ್ಲಿ ಆ ಸೆಟ್‌ನ ಒಂದು ಶಾಕ್ ಎಣ್ಣೆ ಬಿಡಲು ಶುರುಮಾಡಿತು. 25 ಸಾವಿರಕ್ಕೆ ಕೊಟ್ಟೆ. ಅಲಾಯ್, ಟಯರ್ ಎಲ್ಲ ಸೇರಿಸಿದರೆ ಈ ಎರಡು ಪ್ರಯೋಗದಲ್ಲಿ ಹೋದದ್ದು ಹತ್ತಿರ ಹತ್ತಿರ ಒಂದು ಲಕ್ಷ.

ಆಗ ತೀರ್ಮಾನ ಮಾಡಿದೆ. ಎತ್ತರ ಮುಟ್ಟುವುದಿಲ್ಲ. ಕಂಪನಿ ಸ್ಪ್ರಿಂಗ್ ಹಾಗೇ ಇರಲಿ. ದುಡ್ಡೆಲ್ಲ ಶಾಕ್ ಮೇಲೆ. ನನ್ನ ಪ್ರಕಾರ ನಮ್ಮ ರಸ್ತೆಗೆ ಸ್ಪೋರ್ಟ್ಸ್ ಅಂದರೆ ಗಟ್ಟಿ ಸ್ಪ್ರಿಂಗ್ ಅಲ್ಲ, ಮೃದು ಸ್ಪ್ರಿಂಗನ್ನು ಚೆನ್ನಾಗಿ ಹಿಡಿದಿಡುವ ಶಾಕ್. ಆರಿಸಿದ್ದು ಕೋನಿ ಕಂಪನಿಯ ಹಳದಿ ಶಾಕ್. ನಾಬ್ ತಿರುಗಿಸಿದರೆ ಇದರಲ್ಲಿ ರೀಬೌಂಡ್ ಮಾತ್ರ ಬದಲಾಗುತ್ತದೆ, ಒತ್ತುವ ಕಡೆಯ ಬಿಗಿ ಹಾಗೇ ಇರುತ್ತದೆ. ಖೇಡ್ ಶಿವಾಪುರದಲ್ಲಿ ಕಲಿತ ಪಾಠಕ್ಕೆ ಅದೇ ಬೇಕಿತ್ತು. ಜರ್ಮನಿಯಿಂದ ಬರುತ್ತಿದ್ದ ಸಹೋದ್ಯೋಗಿ ಎರಡು ತಂದುಕೊಟ್ಟರು, ಉಳಿದೆರಡು ಕೊರಿಯರ್‌ನಲ್ಲಿ ಬಂದವು. ಎಲ್ಲ ಸೇರಿ 60 ಸಾವಿರದ ಆಚೆ ಈಚೆ. ಶಾಕನ್ನು ಬಾಡಿಗೆ ಹಿಡಿಸುವ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್, ಚಕ್ರವನ್ನು ಕೆಳಗಿಂದ ಹಿಡಿಯುವ ಲೋಯರ್ ಆರ್ಮ್‌ನ ರಬ್ಬರ್ ಬುಷ್, ಎಲ್ಲ ಹೊಸದು. ನಾನಾ ಪೇಠ್‌ನಲ್ಲಿ ಮೂರು ಅಂಗಡಿ ಸುತ್ತಿ 10 ಸಾವಿರದೊಳಗೆ ಮುಗಿಸಿದೆ. ಇದರಲ್ಲಿ ಉಳಿಸಲು ಹೋಗಬೇಡಿ. ಹಳೆ ಮೌಂಟ್ ಮೇಲೆ ಹೊಸ ಶಾಕ್ ಕೂರಿಸಿ ಆಮೇಲೆ ಶಾಕ್‌ಗೆ ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಫಿಟಿಂಗ್ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಗ್ಯಾರೇಜಲ್ಲೇ ನಿಂತಿದ್ದೆ. ಮಿಸ್ತ್ರಿ ಬುಷ್ ಬೋಲ್ಟನ್ನು ಕಾರು ಲಿಫ್ಟ್ ಮೇಲೆ ಇರುವಾಗಲೇ ಬಿಗಿಯಲು ಹೊರಟರು. ತಡೆದೆ. ಚಕ್ರ ಜೋತಾಡುವಾಗ ಬಿಗಿದರೆ, ಕಾರು ಕೆಳಗಿಳಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಸಸ್ಪೆನ್ಷನ್ ಸುಮ್ನೆ ಗಟ್ಟಿಯಾಗುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ. ಲೋಯರ್ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು, ಚಕ್ರವನ್ನು ಅದು ನಿಲ್ಲುವ ಎತ್ತರಕ್ಕೆ ತಂದು ಆಮೇಲೆ ಬಿಗಿಸಿದೆ. ಅವರು ಪಾನಾ ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ನೋಡಿದರು. "ಇಷ್ಟು ವರ್ಷ ಹಿಂಗ ಮಾಡಿಲ್ರಿ ಸರ" ಅಂದರು. ಈಗ ಅವರ ಗ್ಯಾರೇಜಿನಲ್ಲಿ ಎಲ್ಲ ಕಾರಿಗೂ ಹೀಗೇ ಮಾಡುತ್ತಾರೆ.

ಸೆಟಿಂಗ್ ವಿಷಯ. ಮುಂದಿನದ್ದನ್ನು ಬಾನೆಟ್ ಎತ್ತಿ ಮೇಲಿಂದಲೇ ತಿರುಗಿಸಬಹುದು. ಹಿಂದಿನದ್ದು ಹಾಗಲ್ಲ, ಶಾಕ್ ಬಿಚ್ಚಿ, ಪೂರ್ತಿ ಒತ್ತಿ ಹಿಡಿದು ತಿರುಗಿಸಬೇಕು. ಹಾಗಾಗಿ ಹಿಂದಿನದ್ದನ್ನು ಮೂರು ಸಲ ಬಿಚ್ಚಿದ್ದೇವೆ. ಮೊದಲು ನಾಲ್ಕೂ ಪೂರ್ತಿ ಸಡಿಲ ಇಟ್ಟೆ. ಪೇಟೆಯೊಳಗೆ ಅದ್ಭುತ. ಹೈವೇಯಲ್ಲಿ 100ರ ಮೇಲೆ ಮುಂಭಾಗ ಸ್ವಲ್ಪ ತೇಲಿತು. ಮುಂದೆ ಎಷ್ಟು ತಿರುಗಿಸಿದೆ, ಹಿಂದೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಂಟು ತಿಂಗಳ ಕೆಲಸ ಅದು. ಇಷ್ಟು ಹೇಳಬಲ್ಲೆ, ಎರಡೂ ಒಂದೇ ಅಲ್ಲ. ಹಿಂದಿನ ಬಂಪ್ ಸ್ಟಾಪ್‌ಗೂ ಒಂದು ಸಣ್ಣ ಕೆಲಸ ಮಾಡಿದ್ದೇನೆ, ಅದೂ ನನ್ನ ಹತ್ತಿರವೇ ಇರಲಿ.

ಆದರೆ ಅಳೆಯುವ ಉಪಾಯ ಹೇಳಿಕೊಡುತ್ತೇನೆ, ಐದು ರೂಪಾಯಿ ಖರ್ಚು. ಡಸ್ಟ್ ಕವರ್ ಸರಿಸಿ ಶಾಕ್ ರಾಡ್‌ಗೆ ಒಂದು ಝಿಪ್ ಟೈ ಕಟ್ಟಿ, ಕೆಳಗೆ ತಳ್ಳಿಡಿ. ಆಫೀಸಿಗೆ ಹೋಗಿಬನ್ನಿ. ಟೈ ಎಲ್ಲಿಗೆ ಏರಿದೆಯೋ ಅಲ್ಲಿಯವರೆಗೆ ಶಾಕ್ ಒತ್ತಿದೆ ಅಂತ ಅರ್ಥ. ಲೋಯರಿಂಗ್ ಸ್ಪ್ರಿಂಗ್ ಇದ್ದಾಗ ಕಾರು ನಿಂತಲ್ಲೇ ಬಂಪ್ ಸ್ಟಾಪ್‌ಗೆ ಎರಡು ಬೆರಳು ಜಾಗ ಇತ್ತು. ಈಗ ನಾಲ್ಕು ಬೆರಳಿಗೂ ಜಾಸ್ತಿ. ಕೆಟ್ಟ ಗುಂಡಿಗೆ ಬಿದ್ದ ದಿನ ಮಾತ್ರ ಟೈ ಬಂಪ್ ಸ್ಟಾಪ್‌ಗೆ ತಾಗುತ್ತದೆ.

ಈ ನಡುವೆ ಡಿಕ್ಕಿಯಲ್ಲಿ 26 ಕೆ.ಜಿ.ಯ ಎರಡು ಸೋನಾ ಮಸೂರಿ ಚೀಲ ಇಟ್ಟು ಒಂದು ವಾರ ಓಡಿಸಿದೆ. ಪೋಲೋದ ಹಿಂಭಾಗ ಒಬ್ಬರೇ ಇದ್ದಾಗ ಕುಣಿಯುವುದು ಭಾರ ಕಮ್ಮಿ ಅಂತಲೇ ಅಲ್ವಾ, ನೋಡೋಣ ಅಂತ. ಕುಣಿತ ಕಮ್ಮಿಯಾಯಿತು, ಮೈಲೇಜ್‌ನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ದಿನಾ ಅಕ್ಕಿ ಹೊತ್ತು ತಿರುಗಲಾಗುತ್ತದೆಯೇ? ಹಿಂದಿನ ಟಯರ್‌ನ ಗಾಳಿ 2 ಪಿಎಸ್ಐ ಇಳಿಸಿದಾಗ ಅರ್ಧ ಲಾಭ ಹಾಗೇ ಸಿಕ್ಕಿತು. ಟಯರ್ ಈಗ ಮತ್ತೆ 15 ಇಂಚು, 195/60. ಗೋಡೆ 117 ಮಿ.ಮೀ. ನಾಲ್ಕಕ್ಕೆ 22-23 ಸಾವಿರ ಕೊಟ್ಟೆ. ನನ್ನ ಕಾರಿಗೆ ಎಲ್ಲೂ ತಾಗುವುದಿಲ್ಲ.

ತಾಮ್ಹಿಣಿಗೆ ಹೋದಾಗ ಮುಂದೆ ಅರ್ಧ ಸುತ್ತು ಬಿಗಿ ಮಾಡುತ್ತೇನೆ. ಎರಡನೇ ಗೇರಿನ ತಿರುವುಗಳಲ್ಲಿ ಕಾಯಿಲೋವರ್ ಇದ್ದಾಗಿನದಕ್ಕಿಂತ ಈಗ ಜೋರಾಗಿ ಹೋಗಬಲ್ಲೆ. ಅಲ್ಲಿ ರಸ್ತೆಯೂ ಹದಗೆಟ್ಟಿದೆ, ಗಟ್ಟಿ ಕಾರು ಜಿಗಿಯುತ್ತದೆ, ನನ್ನದು ಕಚ್ಚಿಕೊಂಡಿರುತ್ತದೆ. ಜೊತೆಗೆ ಬಂದಿದ್ದ ಗೆಳೆಯ, ಮೊದಲು ಬೇಡ ಅಂದವನೇ, ವಾಪಸ್ ಬರುವಾಗ ತಾನೇ ಕೀ ಕೇಳಿ ಓಡಿಸಿದ. ಮರುವಾರ ಶಾಕ್‌ನ ಪಾರ್ಟ್ ನಂಬರ್ ಕೇಳಿದ.

ಅವ್ವನಿಗೆ ಇದ್ಯಾವುದೂ ಹೇಳಿರಲಿಲ್ಲ. ದೀಪಾವಳಿಗೆ ಪುಣೆಗೆ ಬಂದಿದ್ದಳು, ವಾಪಸ್ ಬಿಡಲು ಹೊರಟೆ. ಮೊದಲೆಲ್ಲ ಖಂಬಾಟ್ಕಿ ಇಳಿಯುವ ಹೊತ್ತಿಗೇ ಸೊಂಟ ಹಿಡಿದುಕೊಂಡು ಕೂರುತ್ತಿದ್ದಳು. ಈ ಸಲ ಕೊಲ್ಹಾಪುರ ದಾಟಿದ ಮೇಲೆ ನಿದ್ದೆ ಹೋದವಳು ತವಂದಿ ಘಾಟ್‌ನಲ್ಲೂ ಏಳಲಿಲ್ಲ. ಬೆಳಗಾವಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎದ್ದು, "ಯಾಕೋ, ಬ್ಯಾರೇ ಕಾರ್ ತಗೊಂಡಿ ಏನು?" ಅಂತ ಕೇಳಿದಳು.

ಉಳಿದಿರುವುದು ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಬೀಮ್‌ನ ಎರಡು ಬುಷ್. ಪಾರ್ಟ್ ಆಗಲೇ ಮನೆಯಲ್ಲಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಹಾಕಿಸುತ್ತೇನೆ.