ಥೈರಾಯ್ಡ್ ಮಾತ್ರೆ ನುಂಗುವವರು ಗರ್ಭನಿರೋಧಕ ಆರಿಸುವುದು ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಕಾಫಿ. ಈ ದಿನಚರಿಗೆ ಒಗ್ಗಿಹೋದವರು ಸದ್ಯಕ್ಕೆ ಮಗು ಬೇಡ ಅಂದುಕೊಂಡಾಗ ಮೊದಲು ಏಳುವ ಅನುಮಾನ: ‘ಥೈರಾಯ್ಡ್ ಇರೋರು ಆ ಗುಳಿಗೆ ತಗೋಬಹುದಾ?’ ತಗೋಬಹುದು. ಥೈರಾಯ್ಡ್ ಕಡಿಮೆಯಿದ್ದರೂ ಹೆಚ್ಚಿದ್ದರೂ ಅದು ಯಾವ ಗರ್ಭನಿರೋಧಕಕ್ಕೂ ಅಡ್ಡಿಯಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದು ಬಗೆಯ ಗುಳಿಗೆ ಮಾತ್ರ ನಿಮ್ಮ ಡೋಸ್‌ನ ಲೆಕ್ಕ ಏರುಪೇರು ಮಾಡಬಲ್ಲದು.

ಮೊದಲು ಶೀಟಿನ ಹಿಂದೆ ಏನಿದೆ ಓದಿ. ಲೆವೊಥೈರಾಕ್ಸಿನ್ (ಥೈರಾಯ್ಡ್ ಕಡಿಮೆಯಿರುವವರ ಮಾತ್ರೆ) ಎಂದಿದ್ದರೆ ಮುಂದಿನ ಮಾತೆಲ್ಲ ನಿಮಗೇ. ಕಾರ್ಬಿಮಜೋಲ್ ಎಂದಿದ್ದರೆ ಕಥೆ ಬೇರೆ. ಅದು ಥೈರಾಯ್ಡ್ ಹೆಚ್ಚಾದವರ ಮಾತ್ರೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಅಂಗಗಳಿಗೆ ದೋಷ ತರಬಲ್ಲದು. ಹಾಗಾಗಿ ಅದನ್ನು ನುಂಗುವಷ್ಟು ದಿನ ಭರವಸೆಯ ಗರ್ಭನಿರೋಧಕ ಬೇಕೇ ಬೇಕು. ಮುಟ್ಟು ತಪ್ಪಿದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಅಂದೇ ಡಾಕ್ಟರನ್ನು ಕಾಣಿ. ರೇಡಿಯೋ ಅಯೋಡಿನ್ ಚಿಕಿತ್ಸೆ ಆಗಿದ್ದರೆ ಕನಿಷ್ಠ 6 ತಿಂಗಳು ಬಸಿರು ಕೂಡದು.

ಆಮೇಲೆ ಟಿಎಸ್‌ಎಚ್ (ಥೈರಾಯ್ಡ್ ಹತೋಟಿಯಲ್ಲಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ರಿಪೋರ್ಟು. ಹಳೆಯದಾಗಿದ್ದರೆ ಹೊಸದು ಮಾಡಿಸಿ. ಥೈರಾಯ್ಡ್ ಹತೋಟಿಯಲ್ಲಿ ಇಲ್ಲದಾಗ ಮುಟ್ಟಿನ ಸ್ರಾವ ಹೆಚ್ಚುವುದುಂಟು. ಆಗಲೇ ಕಾಪರ್‌-ಟಿ (ಗರ್ಭಕೋಶದೊಳಗೆ ಇಡುವ ವಂಕಿ) ಹಾಕಿಸಿಕೊಂಡರೆ ತಪ್ಪು ವಂಕಿಯದೋ ಥೈರಾಯ್ಡಿನದೋ ಗೊತ್ತಾಗುವುದಿಲ್ಲ.

ಡೋಸ್‌ನ ಗೊಡವೆಗೆ ಹೋಗದ ದಾರಿಗಳೇ ಹೆಚ್ಚು. ನಿರೋಧ್ ಸರಿ. 5 ಅಥವಾ 10 ವರ್ಷ ಬಾಳುವ ಕಾಪರ್‌-ಟಿ ಸರಿ. ಸ್ರಾವ ಜಾಸ್ತಿ ಇರುವವರಿಗೆ ಹಾರ್ಮೋನ್ ಇರುವ ವಂಕಿ ಇನ್ನೂ ಹಿತ. 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ಆಗುತ್ತದೆ. ಆದರೆ ಅದರಿಂದ ಕೆಲವರ ತೂಕ ಏರುತ್ತದೆ, ಏರಿದ್ದಕ್ಕೆಲ್ಲ ಥೈರಾಯ್ಡನ್ನೇ ದೂರುವ ಅಭ್ಯಾಸ ನಮ್ಮದು. ವಾರಕ್ಕೊಮ್ಮೆಯ ಛಾಯಾ ಮಾತ್ರೆ (ಮೊದಲ 3 ತಿಂಗಳು ವಾರಕ್ಕೆರಡು) ಪಿಸಿಒಡಿ (ಅಂಡಾಶಯದಲ್ಲಿ ಗುಳ್ಳೆಗಳಾಗುವ ತೊಂದರೆ) ಇರುವವರಿಗೆ ಬೇಡ. ಥೈರಾಯ್ಡ್ ಜೊತೆಗೆ ಪಿಸಿಒಡಿಯೂ ಇರುವವರು ಕಡಿಮೆಯೇನಿಲ್ಲ, ಹೇಳಲು ಮರೆಯಬೇಡಿ.

ಇನ್ನು ಆ ಒಂದು ಬಗೆ. ಮಾಲಾ-ಎನ್ ಸೇರಿದಂತೆ ಈಸ್ಟ್ರೊಜೆನ್ ಹಾರ್ಮೋನ್ ಇರುವ ದಿನನಿತ್ಯದ ಗುಳಿಗೆಗಳು. ಈಸ್ಟ್ರೊಜೆನ್ ಹೊಟ್ಟೆಗೆ ಹೋದಾಗ ಯಕೃತ್ತು ಥೈರಾಕ್ಸಿನ್ನನ್ನು (ಥೈರಾಯ್ಡ್ ಹಾರ್ಮೋನನ್ನು) ಹಿಡಿದಿಟ್ಟುಕೊಳ್ಳುವ ಒಂದು ಪ್ರೊಟೀನನ್ನು ಹೆಚ್ಚು ತಯಾರಿಸುತ್ತದೆ. ರಕ್ತದಲ್ಲಿ ಹಾರ್ಮೋನ್ ಇದ್ದೂ ಅದರ ಪಾಲು ಕಟ್ಟಿಬಿದ್ದು, ಮೈಗೆ ದಕ್ಕುವುದು ಕಮ್ಮಿಯಾಗುತ್ತದೆ. ಗ್ರಂಥಿ ಚೆನ್ನಾಗಿರುವವರಲ್ಲಿ ಅದು ತಾನೇ ಇನ್ನಷ್ಟು ಸುರಿಸಿ ಸರಿದೂಗಿಸುತ್ತದೆ. ನಿಮ್ಮದು ಶೀಟಿನಿಂದ ಬರುವ ಹಾರ್ಮೋನ್. 50 ಮೈಕ್ರೋಗ್ರಾಂ ಮಾತ್ರೆ ತಾನಾಗಿ 75 ಆಗುವುದಿಲ್ಲ. ಹಾಗಾಗಿ ಗುಳಿಗೆ ಶುರು ಮಾಡಿದ ತಾರೀಖು ಬರೆದಿಟ್ಟು, 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಗುಳಿಗೆ ನಿಲ್ಲಿಸಿದಾಗಲೂ ಹೀಗೇ. ಏರಿಸಿದ ಡೋಸ್ ಹಾಗೆಯೇ ಮುಂದುವರಿದರೆ ಎದೆ ಡವಡವ ಶುರುವಾದೀತು.

ಮಾಲಾ-ಎನ್ ಶೀಟಿನಲ್ಲಿ ಇನ್ನೊಂದು ಗುಟ್ಟಿದೆ. ಅದರ 28ರಲ್ಲಿ ಹಾರ್ಮೋನ್ ಇರುವುದು 21ರಲ್ಲಿ. ಬಣ್ಣ ಬೇರೆಯಿರುವ ಉಳಿದ 7 ಕಬ್ಬಿಣಾಂಶದ ಮಾತ್ರೆ. ಕಬ್ಬಿಣ ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದುಹಾಕುತ್ತದೆ, ಎರಡರ ನಡುವೆ 4 ಗಂಟೆ ಅಂತರ ಬೇಕು. ‘ಮರೆಯದಿರಲಿ’ ಎಂದು ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುವವರು ಇಲ್ಲೇ ಎಡವುವುದು. ಮಾಲಾ-ಎನ್ ರಾತ್ರಿ ಊಟದ ನಂತರಕ್ಕಿರಲಿ.

ಬಿಪಿ, ಕಣ್ಣು ಮಂಜಾಗಿ ಮಿಂಚು ಕಾಣಿಸಿ ಬರುವ ಅರೆತಲೆನೋವು, ರಕ್ತ ಹೆಪ್ಪುಗಟ್ಟಿದ ಇತಿಹಾಸ, 35 ದಾಟಿದವರಲ್ಲಿ ಧೂಮಪಾನ, 6 ತಿಂಗಳೊಳಗಿನ ಹಾಲು ಕುಡಿಯುವ ಕೂಸು: ಇವುಗಳಲ್ಲಿ ಒಂದಿದ್ದರೂ ಈಸ್ಟ್ರೊಜೆನ್ ಗುಳಿಗೆ ಬಿಟ್ಟು ಬೇರೆ ನೋಡಿ. ಇದಕ್ಕೂ ಥೈರಾಯ್ಡಿಗೂ ಸಂಬಂಧವಿಲ್ಲ.

ಥೈರಾಯ್ಡ್ ಡಾಕ್ಟರ ಚೀಟಿ ಒಂದು ಕವರಿನಲ್ಲಿ, ಸ್ತ್ರೀರೋಗ ತಜ್ಞೆಯದು ಇನ್ನೊಂದರಲ್ಲಿ ಇರುವುದೇ ಹೆಚ್ಚು. ಎರಡನ್ನೂ ಒಂದೇ ಕವರಿಗೆ ಹಾಕಿ ಇಬ್ಬರಿಗೂ ತೋರಿಸಿ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ತಪ್ಪು ತೋರಿಸಬಲ್ಲದು. ರಕ್ತ ಕೊಡುವ 2 ದಿನ ಮೊದಲೇ ನಿಲ್ಲಿಸಿರಬೇಕು.