ಓಪನ್-ಬ್ಯಾಕ್ ಪ್ಲೇನರ್‌ನಲ್ಲಿ ಬೇಸ್ ಬೇಕಾ? ಮೊದ್ಲು ಸೀಲ್, ಮತ್ತೆ ಪವರ್, ಆಮೇಲೆ ಈಕ್ಯೂ

ಓಪನ್-ಬ್ಯಾಕ್, ಅಂದ್ರೆ ಕಪ್ಪಿನ ಹಿಂಬದಿ ಮುಚ್ಚದೆ ಜಾಲರಿ ಇರುವ ಹೆಡ್‌ಫೋನಲ್ಲಿ ಬೇಸೇ (ತಗ್ಗಿನ ಸೌಂಡೇ) ಇಲ್ಲ ಅಂತ ಹೇಳುವವರು ಮಂಗ್ಳೂರು ಉಡುಪಿ ಸೈಡಲ್ಲಿ ತುಂಬಾ ಜನ ಉಂಟು. ಅವರು ಹೇಳುದು ಪೂರ್ತಿ ಸುಳ್ಳಲ್ಲ, ಯಾಕಂದ್ರೆ ಮಾಮೂಲಿ ಡೈನಾಮಿಕ್ ಡ್ರೈವರಿನ, ಅಂದ್ರೆ ತಂತಿ ಸುರುಳಿ ಒಂದು ಕೋನನ್ನು ಅಲುಗಾಡಿಸಿ ಸೌಂಡು ಮಾಡುವ, ಓಪನ್-ಬ್ಯಾಕಲ್ಲಿ 100 ಹರ್ಟ್ಜ್‌ಗಿಂತ ಕೆಳಗೆ ಹೋದ ಹಾಗೆ ಸೌಂಡು ಇಳಿತಾ ಹೋಗ್ತದೆ, ಸೆನ್‌ಹೈಸರ್ ಎಚ್‌ಡಿ 600 ಹಾಕಿ ನೋಡಿ, ಹಾಡುವವರ ಗಂಟಲು ಎಷ್ಟು ಚಂದ ಕೇಳ್ತದೆ ಅಂದ್ರೆ ಬಿಟ್ಟು ಏಳ್ಲಿಕ್ಕೆ ಮನಸ್ಸಾಗುದಿಲ್ಲ, ಆದ್ರೆ 40 ಹರ್ಟ್ಜ್‌ನ ಬೇಸ್ ಬಂದಾಗ ಅದು ಎಲ್ಲಿ ಹೋಯ್ತು ಅಂತ ಹುಡುಕ್ಬೇಕು. ಪ್ಲೇನರ್ ಅನ್ನುವ ಇನ್ನೊಂದು ಥರದ ಡ್ರೈವರಿನ ಕಥೆ ಬೇರೆ. ಅದ್ರಲ್ಲಿ ಕೋನ್ ಇಲ್ಲ, ವಾಯ್ಸ್ ಕಾಯಿಲ್ ಇಲ್ಲ, ತೆಳ್ಳಗಿನ ಒಂದು ಫಿಲ್ಮ್, ಅದ್ರ ಮೇಲೆ ಉದ್ದಕ್ಕೂ ಹರಡಿದ ಕರೆಂಟ್ ಹೋಗುವ ಗೆರೆ, ಒಂದು ಬದಿಲಿ ಅಥವಾ ಎರಡೂ ಬದಿಲಿ ಆಯಸ್ಕಾಂತದ ಸಾಲು. ಕರೆಂಟ್ ಹೋದಾಗ ಇಡೀ ಹಾಳೆ ಒಟ್ಟಿಗೆ ಅಲುಗಾಡ್ತದೆ, ಹಾಗಾಗಿ ಕಿವಿ ಸುತ್ತ ಸೀಲ್ ಸರಿ ಇದ್ರೆ ಬೇಸ್ 30 ಹರ್ಟ್ಜ್ ತನಕ ಹೆಚ್ಚು ಕಮ್ಮಿ ಒಂದೇ ಮಟ್ಟದಲ್ಲಿ ಬರ್ತದೆ.

ಒಂದೇ ಮಟ್ಟ ಅಂದ್ರೆ ಜಾಸ್ತಿ ಅಂತ ಅರ್ಥ ಅಲ್ಲ, ಇದನ್ನು ಮೊದ್ಲೇ ತಲೆಲಿ ಇಟ್ಕೊಳ್ಳಿ. ಬೇಸ್ ಏರಿಸಿದ ಬ್ಲೂಟೂತ್ ಸೆಟ್ ಕೇಳಿ ಅಭ್ಯಾಸ ಆದವರಿಗೆ ಪ್ಲೇನರ್ ಹಾಕಿದ ಮೊದಲ ದಿನ ಸಪ್ಪೆ ಅನಿಸುದು ಸಹಜ. ಪ್ಲೇನರ್ ತಕೊಳ್ಳುದರ ನಿಜವಾದ ಲಾಭ ಎಂತ ಅಂದ್ರೆ ನೀವು ಈಕ್ಯೂನಲ್ಲಿ, ಅಂದ್ರೆ ಬೇಸ್ ಟ್ರೆಬಲ್ ಏರಿಸಿ ಇಳಿಸುವ ಈಕ್ವಲೈಸರಲ್ಲಿ, ಬೇಸ್ 5-6 ಡಿಬಿ (ಡೆಸಿಬೆಲ್) ಏರಿಸಿದ್ರೂ ಅದು ಒಡೆಯುದಿಲ್ಲ, ಡಿಸ್ಟಾರ್ಷನ್ ಕಮ್ಮಿ, ಏರಿಸಿದ ಬೇಸ್ ಸಹ ಬೇರೆ ಬೇರೆ ಸ್ವರವಾಗಿಯೇ ಕೇಳ್ತದೆ. ಹೆಚ್ಚಿನ ಡೈನಾಮಿಕ್ ಓಪನ್-ಬ್ಯಾಕ್‌ಗೆ ಅಷ್ಟೇ ಬೂಸ್ಟ್ ಕೊಟ್ಟು ವಾಲ್ಯೂಮ್ ಏರಿಸಿ ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗ್ತದೆ. ಮತ್ತೆ ಕುದ್ರೋಳಿ ದಸರಾ ಮೆರವಣಿಗೆಲಿ ಡಿಜೆ ಲಾರಿ ಪಕ್ಕ ನಿಂತಾಗ ಎದೆಗೆ ಗುದ್ದುವ ಆ ಫೀಲ್ ಯಾವ ಹೆಡ್‌ಫೋನಲ್ಲೂ ಬರುದಿಲ್ಲ, ಅದು ಮೈಗೆ ತಾಗುವ ಗಾಳಿ, ಇಲ್ಲಿ ಕಿವಿ ಮಾತ್ರ ಇರುದು. ಹೆಡ್‌ಫೋನಲ್ಲಿ ಸಿಗುವಷ್ಟು ಗುದ್ದಾದ್ರೂ ಬೇಕು ಅನ್ನುವವರು ಒಳ್ಳೆ ಕ್ಲೋಸ್ಡ್-ಬ್ಯಾಕ್ (ಹಿಂದೆ ಮುಚ್ಚಿದ್ದು) ತಕೊಳ್ಳಿ, ನನಗೇನೂ ಬೇಜಾರಿಲ್ಲ. ಬಸ್ಸಲ್ಲಿ, ಹಾಸ್ಟೆಲಲ್ಲಿ, ಲೈಬ್ರರಿಲಿ ಕೇಳ್ಬೇಕು ಅಂತಿದ್ರೂ ಓಪನ್-ಬ್ಯಾಕ್ ಬೇಡ, ಒಳಗಿದ್ದು ಎಲ್ಲಾ ಹೊರಗೆ ಕೇಳ್ತದೆ, ಮಣಿಪಾಲದ ಹಾಸ್ಟೆಲ್ ರೂಮಲ್ಲಿ ರಾತ್ರಿ 1 ಗಂಟೆಗೆ ಹಾಕಿದ್ರೆ ರೂಮ್‌ಮೇಟ್ ಸಹ ನಿಮ್ಮ ಪ್ಲೇಲಿಸ್ಟೇ ಕೇಳ್ಬೇಕಾಗ್ತದೆ.

ಈಗ ಯಾವುದು ತಕೊಳ್ಳುದು. ನಮ್ಮ ಊರಲ್ಲಿ ಇಂಥ ಹೆಡ್‌ಫೋನ್ ತಲೆಗೆ ಹಾಕಿ ನೋಡಿ ತಕೊಳ್ಳುವ ಅವಕಾಶ ಸಿಗುದು ಕಷ್ಟ, ಹೆಚ್ಚಿನವರು ಆನ್‌ಲೈನೇ ತರಿಸುದು, ಹಾಗಾಗಿ ಸ್ಪೆಸಿಫಿಕೇಶನ್ ಓದ್ಲಿಕ್ಕೆ ಕಲಿಬೇಕು, ರಿಟರ್ನ್ ಪಾಲಿಸಿ ಸಹ ಓದ್ಬೇಕು. ಕಮ್ಮಿ ಬಜೆಟ್‌ಗೆ ಹೈಫೈಮ್ಯಾನ್ ಎಚ್‌ಇ400ಎಸ್‌ಇ, ಸ್ವಲ್ಪ ಮೇಲೆ ಅದೇ ಕಂಪೆನಿಯ ಸುಂಡಾರಾ, ಮತ್ತೆ ದೊಡ್ಡ ಮೊಟ್ಟೆ ಆಕಾರದ ಕಪ್ ಇರುವ ಎಡಿಷನ್ ಎಕ್ಸ್‌ಎಸ್, ಮೇಲಿನ ಲೆವೆಲ್ಲಲ್ಲಿ ಆಡೆಝ್ ಎಲ್‌ಸಿಡಿ-ಎಕ್ಸ್. ಬೇಸ್ ಕೇಳುವವರಿಗೆ ಈ 4ರಲ್ಲಿ ನನ್ನ ಆಯ್ಕೆ ಎಡಿಷನ್ ಎಕ್ಸ್‌ಎಸ್, ಕಪ್ಪೊಳಗೆ ಕಿವಿ ಪೂರ್ತಿ ಕೂತ್ಕೊಳ್ತದೆ, ಬೇಸ್ ಕೆಳಗಿನ ತನಕ ಆರಾಮಾಗಿ ಹೋಗ್ತದೆ. ಆದ್ರೆ ತಲೆ ಸಣ್ಣ ಇರುವವರಿಗೆ ಆ ಕಪ್ ದವಡೆ ತನಕ ಇಳಿದು ಕೆಳಗೆ ಗ್ಯಾಪ್ ಬೀಳ್ತದೆ, ಅಂಥವರಿಗೆ ರೌಂಡ್ ಕಪ್ಪಿನ ಸುಂಡಾರಾ ವಾಸಿ, ಅದ್ರಲ್ಲಿ ಕಪ್ ಎಡಕ್ಕೆ ಬಲಕ್ಕೆ ತಿರುಗುದಿಲ್ಲ ಅನ್ನುದು ಒಂದು ಕಿರಿಕಿರಿ. ತೂಕ ಸಹ ನೋಡಿ. ಸುಂಡಾರಾ 372 ಗ್ರಾಂ, ಎಲ್‌ಸಿಡಿ-ಎಕ್ಸ್ 612 ಗ್ರಾಂ. ನಮ್ಮ ಏಪ್ರಿಲ್ ಮೇ ಸೆಕೆಲಿ 600 ಗ್ರಾಂ ತಲೆ ಮೇಲೆ ಇಟ್ಕೊಂಡು 2 ಗಂಟೆ ಕೂತ್ಕೊಳ್ಳುದು ಅಂದ್ರೆ ಕುತ್ತಿಗೆಗೂ ಕಷ್ಟ ಕಿವಿಗೂ ಕಷ್ಟ.

ಇನ್ನು ಸೀಲ್, ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಯಾಕಂದ್ರೆ ಬೇಸ್ ಇಲ್ಲ ಅನ್ನುವ ಕಂಪ್ಲೇಂಟಲ್ಲಿ ಮೊದ್ಲು ನೋಡ್ಬೇಕಾದ್ದು ಇದನ್ನೇ. ಓಪನ್-ಬ್ಯಾಕ್ ಅಂದ್ರೆ ಹಿಂದೆ ಓಪನ್, ಮುಂದೆ ಅಂದ್ರೆ ಫಿಲ್ಮ್ ಮತ್ತು ಕಿವಿ ಮಧ್ಯೆ ಬಂದೋಬಸ್ತ್ ಇರ್ಲೇಬೇಕು, ಅಲ್ಲಿ ಗಾಳಿ ಲೀಕ್ ಆದ್ರೆ ಮೊದ್ಲು ಹೋಗುದು ಸಬ್-ಬೇಸ್, ಅಂದ್ರೆ ಬೇಸಿನ ತೀರಾ ಕೆಳಗಿನ ಭಾಗ. ಟೆಸ್ಟ್ ಮಾಡ್ಲಿಕ್ಕೆ ಯಾವುದಾದ್ರೂ ಟೋನ್ ಜನರೇಟರ್ ಆ್ಯಪಲ್ಲಿ 40 ಹರ್ಟ್ಜ್ ಟೋನ್ ಹಾಕಿ, ವಾಲ್ಯೂಮ್ ಕಮ್ಮಿ ಇಡಿ, ಫ್ಯಾನ್ ಆಫ್ ಮಾಡಿ. ಎರಡೂ ಕಪ್ಪಿನ ಅಂಚು ಹಿಡಿದು, ಗ್ರಿಲ್ ಮುಟ್ಬೇಡಿ, ಮೆಲ್ಲ ಒಳಗೆ ಒತ್ತಿ. ಟೋನ್ ಇದ್ದ ಹಾಗೆಯೇ ಇದ್ರೆ ಸೀಲ್ ಸರಿ ಉಂಟು. ಒತ್ತಿದ ಕೂಡ್ಲೆ ಸೌಂಡು ತುಂಬಿ ಬಂದು ಕೈ ಬಿಟ್ಟ ಕೂಡ್ಲೆ ಇಳಿದ್ರೆ ಲೀಕ್ ಉಂಟು. ಈಗ ಕನ್ನಡಕ ತೆಗೆದು ಅದೇ ಟೆಸ್ಟ್ ಮಾಡಿ. ಕನ್ನಡಕದ ದಪ್ಪ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದು ಕಿವಿ ಹಿಂದೆ ಒಂದು ಸಣ್ಣ ಸಂದು ಮಾಡ್ತದೆ, ಅಷ್ಟು ಸಾಕು. ಕೆಳಗೆ ದವಡೆ ಹತ್ರ ಬೆರಳು ಹಾಕಿ ನೋಡಿ, ಅಲ್ಲಿ ಪ್ಯಾಡ್ ಚರ್ಮಕ್ಕೆ ತಾಗ್ತಾ ಇಲ್ಲದಿದ್ರೆ ಹೆಡ್‌ಬ್ಯಾಂಡ್ 1 ಕ್ಲಿಕ್ ಮೇಲೆ ಕೆಳಗೆ ಮಾಡಿ. ಬರೀ 1 ಕ್ಲಿಕ್ಕಲ್ಲಿ ಬೇಸ್ ಹೀಗೆ ಬದಲಾಗುದು ಕೇಳಿದ್ರೆ ಆಶ್ಚರ್ಯ ಆಗ್ತದೆ.

ಪ್ಯಾಡಿನ ವಿಷಯದಲ್ಲಿ ಕರಾವಳಿಯವರಿಗೆ ಸ್ಪೆಷಲ್ ಕಷ್ಟ ಉಂಟು. ಲೆದರ್ ಅಥವಾ ರೆಕ್ಸಿನ್ ಥರದ ಪ್ಯಾಡ್ ಗಾಳಿ ಬಿಡುದಿಲ್ಲ, ಬೇಸ್ ಹಿಡಿದಿಡ್ತದೆ, ಆದ್ರೆ ಬೆವರು. ವೆಲ್ವೆಟ್ ಥರದ ವೆಲೂರ್ ಪ್ಯಾಡ್ ತಂಪು, ಆದ್ರೆ ಗಾಳಿ ಬಿಡ್ತದೆ, ಸಬ್-ಬೇಸ್ ಸೋರ್ತದೆ. ಒಳಗೆ ಹೊರಗೆ ಲೆದರ್, ಮುಖಕ್ಕೆ ತಾಗುವಲ್ಲಿ ಮಾತ್ರ ಬಟ್ಟೆ ಇರುವ ಹೈಬ್ರಿಡ್ ಪ್ಯಾಡ್ ನಮ್ಮ ಹವೆಗೆ ಸರಿ ಅಂತ ನನ್ನ ಅಭಿಪ್ರಾಯ. ಕೃತಕ ಲೆದರಿನಲ್ಲಿರುವ ಪಾಲಿಯುರೆಥೇನ್ ತೇವಕ್ಕೆ ಸಿಕ್ಕಿ ಒಳಗಿಂದ ಒಳಗೇ ಒಡೆದು ಸಿಪ್ಪೆ ಸಿಪ್ಪೆಯಾಗಿ ಏಳ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗೋಡೆಯೇ ಒದ್ದೆ ಇರುವಾಗ ಇದು ಬೇಗ ಆಗುದು. ಸಿಪ್ಪೆ ಎದ್ದ ಪ್ಯಾಡಲ್ಲಿ ಸೀಲ್ ಹೋಗ್ತದೆ, ಸೀಲ್ ಹೋದ ಕೂಡ್ಲೆ ಬೇಸ್ ಹೋಗ್ತದೆ, ಹೆಡ್‌ಫೋನ್ ಹಾಳಾಯ್ತು ಅಂತ ಮಂಡೆಬಿಸಿ ಮಾಡ್ಕೊಳ್ಳುವ ಮೊದ್ಲು ಪ್ಯಾಡ್ ನೋಡಿ. ಹೊಸ ಪ್ಯಾಡ್ ಬೇರೆ ದಪ್ಪದ್ದು ಹಾಕಿದ್ರೆ ಇಡೀ ಟ್ಯೂನಿಂಗೇ ಬದಲಾಗ್ತದೆ, ಈಕ್ಯೂ ಮತ್ತೆ ಮೊದಲಿಂದ ಮಾಡ್ಬೇಕು.

ಪವರ್ ಲೆಕ್ಕ ಹೇಳ್ತೇನೆ, ಕಷ್ಟ ಏನಿಲ್ಲ. ಎಚ್‌ಇ400ಎಸ್‌ಇ 25 ಓಮ್, ಸೆನ್ಸಿಟಿವಿಟಿ 91 ಡಿಬಿ, ಅಂದ್ರೆ 1 ಮಿಲಿವಾಟ್ ಕೊಟ್ರೆ 91 ಡಿಬಿ ಸೌಂಡು ಅಂತ ಇಟ್ಕೊಳ್ಳಿ. ಹಾಡಿನ ಪೀಕ್ 105 ಡಿಬಿ ತನಕ ಕ್ಲೀನಾಗಿ ಬರ್ಬೇಕು ಅಂದ್ರೆ 14 ಡಿಬಿ ಜಾಸ್ತಿ, ಅದಕ್ಕೆ ಸುಮಾರು 25 ಮಿಲಿವಾಟ್. ಇದ್ರ ಮೇಲೆ ಬೇಸ್ 6 ಡಿಬಿ ಏರಿಸಿದ್ರೆ ಆ ಬೇಸ್ ಪೀಕಿಗೆ 4 ಪಟ್ಟು ಪವರ್, 100 ಮಿಲಿವಾಟ್, ಅಂದ್ರೆ ಹತ್ರ ಹತ್ರ 1.6 ವೋಲ್ಟ್. 1 ವೋಲ್ಟ್ ಕೊಡುವ, ಫೋನಿಗೆ ಚುಚ್ಚುವ ಸಣ್ಣ ಯುಎಸ್‌ಬಿ-ಸಿ ಡಾಂಗಲ್ ಇದಕ್ಕೆ 40 ಮಿಲಿವಾಟ್ ಮಾತ್ರ ಕೊಡ್ತದೆ. ಈಕ್ಯೂ ಇಲ್ಲದೆ ಅದು ಸಾಕು, ಈಕ್ಯೂ ಹಾಕಿ ಜೋರು ಕೇಳುವವರಿಗೆ ಸಾಲುದಿಲ್ಲ, ಬೇಸ್ ಬಂದಲ್ಲೆಲ್ಲಾ ಕ್ಲಿಪ್ ಆಗಿ, ಅಂದ್ರೆ ಸಿಗ್ನಲ್ಲಿನ ತುದಿ ಕತ್ತರಿಸಿ ಹೋಗಿ, ಕರಕರ ಅಂತದೆ, ಆಗ ಜನ ಹೆಡ್‌ಫೋನಿಗೆ ಬೈತಾರೆ. 4.4 ಎಂಎಂ ಬ್ಯಾಲೆನ್ಸ್ಡ್ ಔಟ್‌ಪುಟ್ (ಜಾಸ್ತಿ ವೋಲ್ಟ್ ಕೊಡುವ ದಪ್ಪ ಜ್ಯಾಕ್) ಇರುವ, 2 ವೋಲ್ಟಿಗಿಂತ ಮೇಲೆ ಕೊಡುವ ಡಾಂಗಲ್ ಅಥವಾ ಸಣ್ಣ ಡೆಸ್ಕ್‌ಟಾಪ್ ಆ್ಯಂಪ್ ಸಾಕು, ಅದಕ್ಕಿಂತ ಹೆಚ್ಚಿಗೆ ಆ್ಯಂಪಿಗೆ ದುಡ್ಡು ಹಾಕುದು ನನ್ನ ಪ್ರಕಾರ ವೇಸ್ಟ್. ಎಲ್‌ಸಿಡಿ-ಎಕ್ಸ್ ನೋಡಿ, 1 ಮಿಲಿವಾಟಿಗೆ 103 ಡಿಬಿ, ಅದೇ 6 ಡಿಬಿ ಬೂಸ್ಟ್ ಜೊತೆಗೂ 10 ಮಿಲಿವಾಟ್ ದಾಟುದಿಲ್ಲ. ಪ್ಲೇನರಿಗೆಲ್ಲಾ ದೊಡ್ಡ ಆ್ಯಂಪ್ ಬೇಕೇ ಬೇಕು ಅನ್ನುವ ಮಾತು ಎಲ್ಲಾ ಮಾಡೆಲಿಗೆ ಸರಿ ಅಲ್ಲ, ಸೆನ್ಸಿಟಿವಿಟಿ ನೋಡಿ ಲೆಕ್ಕ ಹಾಕಿ.

ಇಷ್ಟು ಸರಿ ಆದ್ಮೇಲೆ ಈಕ್ಯೂ. ವಿಂಡೋಸಲ್ಲಿ ಈಕ್ವಲೈಸರ್ ಎಪಿಒ ಅನ್ನುವ ಸಾಫ್ಟ್‌ವೇರ್, ಅದನ್ನು ಸುಲಭದಲ್ಲಿ ನಡೆಸ್ಲಿಕ್ಕೆ ಅದ್ರ ಮೇಲೆ ಪೀಸ್ (Peace), ಎರಡೂ ಫ್ರೀ. ಆಂಡ್ರಾಯ್ಡಲ್ಲಿ ವೇವ್‌ಲೆಟ್ ಆ್ಯಪ್ ಉಂಟು, ನಿಮ್ಮ ಮಾಡೆಲ್ ಹುಡುಕಿದ್ರೆ ಆಟೋಈಕ್ಯೂ ಸೆಟ್ಟಿಂಗ್ (ಆ ಹೆಡ್‌ಫೋನಿನ ಅಳತೆ ನೋಡಿ ಮಾಡಿಟ್ಟದ್ದು) ರೆಡಿ ಸಿಗ್ತದೆ. ಐಫೋನಿನವರಿಗೆ ಕ್ಯುಡೆಲಿಕ್ಸ್-5ಕೆ ಥರದ ಸಣ್ಣ ಬ್ಲೂಟೂತ್ ಆ್ಯಂಪ್ ಒಳ್ಳೆದು, ಈಕ್ಯೂ ಆ ಡಬ್ಬಿಯೊಳಗೇ ಇರ್ತದೆ. ರೆಡಿ ಸೆಟ್ಟಿಂಗಿಂದ ಶುರು ಮಾಡುದು ಸುಲಭ, ಆದ್ರೆ ಬೇಸ್ ಮಾತ್ರ ಕೈಯಿಂದ ಮಾಡಿ. ಲೋ ಶೆಲ್ಫ್ ಫಿಲ್ಟರ್, ಅಂದ್ರೆ ಒಂದು ಜಾಗಕ್ಕಿಂತ ಕೆಳಗಿನದ್ದನ್ನೆಲ್ಲಾ ಒಟ್ಟಿಗೆ ಏರಿಸುವಂಥದ್ದು ತಕೊಳ್ಳಿ, 105 ಹರ್ಟ್ಜ್, ಕ್ಯೂ (ಏರು ಎಷ್ಟು ಕಡಿದು ಅನ್ನುದು) 0.7, ಗೇನ್ (ಏರಿಸುವ ಅಳತೆ) 5 ಡಿಬಿ. ಹೆಚ್ಚಿನ ಜನರಿಗೆ ಹಿಡಿಸುವ ಸೌಂಡು ಹೀಗಿರ್ಬೇಕು ಅಂತ ಹಾರ್ಮನ್ ಕಂಪೆನಿಯವರು ಮಾಡಿದ ಟಾರ್ಗೆಟ್ ಕರ್ವಲ್ಲಿ ಸಹ ಬೇಸ್ ಏರುದು ಹೆಚ್ಚು ಕಮ್ಮಿ ಇದೇ ಜಾಗದಲ್ಲಿ, ಇಷ್ಟೇ ಅಳತೆಲಿ. ಪ್ರೀಆ್ಯಂಪ್, ಅಂದ್ರೆ ಈಕ್ಯೂ ಆ್ಯಪಿನ ಒಟ್ಟು ಲೆವೆಲ್, ಮೈನಸ್ 6 ಡಿಬಿಗೆ ಇಳಿಸುದು ಮರೀಬೇಡಿ, ಇಲ್ಲದಿದ್ರೆ ಡಿಜಿಟಲಲ್ಲೇ ಕ್ಲಿಪ್ ಆಗ್ತದೆ. ಈಗ ಒಟ್ಟು ಸೌಂಡು ಇಳಿದ ಹಾಗೆ ಅನಿಸ್ತದೆ, ವಾಲ್ಯೂಮ್ ಏರಿಸಿ ಸಮ ಮಾಡಿದ ಮೇಲೆಯೇ ಈಕ್ಯೂ ಆನ್ ಆಫ್ ಮಾಡಿ ಹೋಲಿಸಿ, ಜೋರಿದ್ದದ್ದೇ ಒಳ್ಳೆದು ಅಂತ ಕಿವಿ ಮೋಸ ಹೋಗ್ತದೆ.

ಗ್ರಾಫಿಕ್ ಈಕ್ಯೂನಲ್ಲಿ 125, 250 ಹರ್ಟ್ಜ್‌ನ ಸ್ಲೈಡರ್ ಎಲ್ಲಾ ಮೇಲೆ ದೂಡುದು ಬೇಡವೇ ಬೇಡ. 200 ಹರ್ಟ್ಜ್ ಸುತ್ತ ಏರಿಸಿದ್ರೆ ಗಂಡು ಧ್ವನಿ ಡ್ರಮ್ಮಿನೊಳಗಿಂದ ಬಂದ ಹಾಗೆ ಆಗ್ತದೆ, ಬೇಸ್ ಗಿಟಾರಿನ ಸ್ವರ ಬೆರಸಿ ಹೋಗ್ತದೆ. ಬದ್ಲಿಗೆ ಅಲ್ಲಿ ಅಗಲವಾಗಿ 1-2 ಡಿಬಿ ಇಳಿಸಿ, ಬೇಸ್ ಕಮ್ಮಿ ಆಗದೆ ಕ್ಲೀನ್ ಆಗ್ತದೆ. ಹೈಫೈಮ್ಯಾನ್ ದೊಡ್ಡ ಕಪ್ಪಿನವುಗಳಲ್ಲಿ 1ರಿಂದ 2 ಕಿಲೋಹರ್ಟ್ಜ್ ಮಧ್ಯೆ ಒಂದು ತಗ್ಗು ಉಂಟು, ಅಲ್ಲಿ 2 ಡಿಬಿ ಏರಿಸಿದ್ರೆ ಸ್ನೇರ್ ಡ್ರಮ್ ಮುಂದೆ ಬರ್ತದೆ, ಕಿಕ್ ಡ್ರಮ್ಮಿನ ಏಟು ಸಹ ಗಟ್ಟಿ ಅನಿಸ್ತದೆ, ಯಾಕಂದ್ರೆ ಏಟಿನ ಚುರುಕು ಇರುದು ಬೇಸಲ್ಲಿ ಮಾತ್ರ ಅಲ್ಲ, ಮೇಲೆ ಸಹ ಉಂಟು.

ಕೇಳಿ ಪರೀಕ್ಷೆ ಮಾಡ್ಲಿಕ್ಕೆ ಎಂತ ಹಾಕುದು. 5 ತಂತಿಯ ಬೇಸ್ ಗಿಟಾರಿನ ತಗ್ಗಿನ ಸ್ವರ 31 ಹರ್ಟ್ಜ್, 4 ತಂತಿಯದ್ದು 41. 1980ರಲ್ಲಿ ಬಂದ ರೋಲಂಡ್ ಟಿಆರ್-808 ಡ್ರಮ್ ಮೆಶಿನ್ನಿನ ಕಿಕ್ ಇವತ್ತಿಗೂ ಹಿಪ್-ಹಾಪ್ ಟ್ರ್ಯಾಪಲ್ಲಿ ಎಲ್ಲಾ ಕಡೆ ಉಂಟು, ಅದ್ರ ಉದ್ದ ಬಾಲ ಕೇಳಿ: ಏಟು ಬಿದ್ದ ಮೇಲೆ ಸ್ವರ ಎಳೆದು ಹೋಗಿ ನಿಲ್ಲುವ ಜಾಗ ಸ್ಪಷ್ಟ ಗೊತ್ತಾಗ್ಬೇಕು, ಮುಂದಿನ ಏಟಿನ ಒಳಗೆ ಕರಗಿ ಹೋಗ್ಬಾರ್ದು. ಕರಗಿದ್ರೆ ಶೆಲ್ಫ್ 1 ಡಿಬಿ ಇಳಿಸಿ. ನಮ್ಮ ಪಿಲಿವೇಷದ (ಹುಲಿವೇಷ) ಬ್ಯಾಂಡ್ ಸಹ ಚಂದದ ಟೆಸ್ಟು, ತಾಸೆ ಅನ್ನುವ ಚರ್ಮವಾದ್ಯದ ಚಟಚಟ ಮೇಲೆ, ಡೋಲಿನ ದುಂ ಕೆಳಗೆ, ಎರಡೂ ಒಂದೇ ಕ್ಷಣ ಬೀಳುವಾಗ ಡೋಲಿನ ಚರ್ಮ ನಡುಗುದು ತಾಸೆ ಅಡಿಲಿ ಬೇರೆಯಾಗಿ ಕೇಳಿದ್ರೆ ನಿಮ್ಮ ಟ್ಯೂನಿಂಗ್ ಸರಿ ಉಂಟು. ಆದ್ರೆ ಅದು ಮೈಕ್ ಇಟ್ಟು ಸರಿಯಾಗಿ ರೆಕಾರ್ಡ್ ಮಾಡಿದ್ದು ಆಗ್ಬೇಕು, ಅಷ್ಟಮಿ ದಿನ ಉಡುಪಿ ರಥಬೀದಿಲಿ ಫೋನಲ್ಲಿ ತೆಗೆದ ವಿಡಿಯೋ ಆಗುದಿಲ್ಲ, ಅಷ್ಟು ಜೋರಿಗೆ ಫೋನಿನ ಮೈಕ್ ಸೌಂಡನ್ನು ಅದುಮಿ ಹಾಕಿರ್ತದೆ, ತಗ್ಗಿನದ್ದು ಅರ್ಧ ಬಂದಿರುದೇ ಇಲ್ಲ, ಇಲ್ಲದ ಬೇಸನ್ನು ಯಾವ ಈಕ್ಯೂ ಸಹ ತಂದು ಕೊಡುದಿಲ್ಲ.

ಒಂದೇ ಪ್ರಿಸೆಟ್ ಸಾಕಾಗುದಿಲ್ಲ, 2-3 ಇಡಿ. ಕಮ್ಮಿ ವಾಲ್ಯೂಮಲ್ಲಿ ಕಿವಿಗೆ ಬೇಸ್ ಕಮ್ಮಿ ಕೇಳುದು ಮನುಷ್ಯನ ಕಿವಿಯ ಗುಣ, ಹಾಗಾಗಿ ರಾತ್ರಿ ಮೆಲ್ಲ ಕೇಳುದಕ್ಕೆ ಶೆಲ್ಫ್ 7 ಡಿಬಿ, ಪ್ರೀಆ್ಯಂಪ್ ಮೈನಸ್ 8, ಜೋರು ಕೇಳುದಕ್ಕೆ 4. ಓಪನ್-ಬ್ಯಾಕಿಗೆ ಹೊರಗಿನ ಶಬ್ದ ತಡೆಯುವ ಶಕ್ತಿ ಇಲ್ಲ, ಸೀಲಿಂಗ್ ಫ್ಯಾನಿನ ಗುಂಯ್ ಮತ್ತೆ ಹೈವೇ ಹತ್ರದ ಮನೆಲಿ ಲಾರಿ ಶಬ್ದ ಮೊದ್ಲು ನುಂಗುದು ಸಬ್-ಬೇಸನ್ನೇ. ಹಂಚಿನ ಮಾಡಿಗೆ ಮಳೆ ಹೊಯ್ಯುವಾಗಂತೂ ಎಲ್ಲವನ್ನೂ ನುಂಗ್ತದೆ. ಆಗ ವಾಲ್ಯೂಮ್ ಏರಿಸ್ತಾ ಹೋಗುದು ಬೇಡ, ದಯವಿಟ್ಟು. ದೊಡ್ಡವರಿಗೆ ವಾರಕ್ಕೆ 80 ಡಿಬಿ 40 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ, ಅದಕ್ಕಿಂತ 3 ಡಿಬಿ ಏರಿದ ಹಾಗೆಲ್ಲಾ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿತದೆ, ಹೋದ ಕಿವಿ ವಾಪಸ್ ಬರುದಿಲ್ಲ. ಮಳೆ ನಿಂತ ಮೇಲೆ ಕೇಳಿ.

ಸೆಕೆಂಡ್ ಹ್ಯಾಂಡ್ ತಕೊಳ್ಳುವವರು 20ರಿಂದ 200 ಹರ್ಟ್ಜ್ ತನಕ ಸ್ವೀಪ್ (ಏರ್ತಾ ಹೋಗುವ ಟೋನ್) ಮೆಲ್ಲ ಓಡಿಸಿ ಎರಡೂ ಕಿವಿ ಬೇರೆ ಬೇರೆ ಕೇಳಿ, ಎಲ್ಲಾದ್ರೂ ಝರ್ ಅಂತ ಬಂದ್ರೆ ಫಿಲ್ಮಿಗೆ ಕೂದಲು ತಾಗಿರ್ಬಹುದು ಅಥವಾ ಫಿಲ್ಮೇ ಹಾಳಾಗಿರ್ಬಹುದು, ಎರಡನೇದಾದ್ರೆ ಬಿಟ್ಟು ಬನ್ನಿ. ಕಪ್ಪನ್ನು ಕಿವಿಗೆ ದಡಕ್ಕಂತ ಅದುಮಿ ಹಾಕುದು ತೆಗೆಯುದು ಮಾಡ್ಬೇಡಿ, ಒಳಗಿನ ಗಾಳಿಯ ಒತ್ತಡಕ್ಕೆ ಫಿಲ್ಮ್ ಎಳೀತದೆ. ವೆಲ್ಡಿಂಗ್ ಗ್ರೈಂಡಿಂಗ್ ಆಗುವ ಜಾಗದಲ್ಲಿ ಇಡ್ಬೇಡಿ, ಕಬ್ಬಿಣದ ಪುಡಿಯನ್ನು ಆಯಸ್ಕಾಂತ ಎಳ್ಕೊಳ್ತದೆ. ಮಳೆಗಾಲಕ್ಕೆ ಫೋಟೋಗ್ರಾಫರ್‌ಗಳು ಲೆನ್ಸ್ ಇಡುವ ಡ್ರೈ ಬಾಕ್ಸ್ ಭಾರಿ ಒಳ್ಳೆದು, ಇಲ್ಲದಿದ್ರೆ ಗಟ್ಟಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಡಿ, ಆದ್ರೆ ಕೇಳಿ ಆದ ಕೂಡ್ಲೆ ಒಳಗೆ ಹಾಕ್ಬೇಡಿ, ಪ್ಯಾಡಿನ ಬೆವರು ಒಣಬಟ್ಟೆಲಿ ಒರೆಸಿ ಫ್ಯಾನಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಹಾಕಿ. ಜೆಲ್ ಬಣ್ಣ ಬದಲಾದ್ರೆ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕ್ಬಹುದು.