ದಾಳಿಯ ನಡುವೆಯೂ ದಾಖಲೆ ಕೈಗೆ ಸಿಗಬೇಕಾದರೆ

ಮುಂಬೈಯ ಕನ್ನಡ ಸಂಘವೊಂದು ತನ್ನ ಹಳೆಯ ಸ್ಮರಣ ಸಂಚಿಕೆಗಳನ್ನು, ಸದಸ್ಯರ ಪಟ್ಟಿಯನ್ನು ಮತ್ತು ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸಿ, ಐರೋಲಿ, ಚಾಂದಿವಲಿ ಹಾಗೂ ಪುಣೆಯಲ್ಲಿ ತಲಾ ಮೂರರಂತೆ ಒಂಬತ್ತು ಸರ್ವರ್‌ಗಳನ್ನು ಬಾಡಿಗೆಗೆ ಪಡೆದಿದೆ ಎಂದು ಇಟ್ಟುಕೊಳ್ಳೋಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡವರಿಗೆ ಪುಣೆ ಏಕೆ ಬೇಕೆಂದು ಹೇಳಬೇಕಾಗಿಲ್ಲ. ಆದರೆ ಮಳೆ ಗುರಿಯಿಟ್ಟು ಬೀಳುವುದಿಲ್ಲ; ಸುಳ್ಳು ಕೋರಿಕೆಗಳನ್ನು ಸುರಿದು ನಿಜವಾದ ಬಳಕೆದಾರರಿಗೆ ಜಾಗವಿಲ್ಲದಂತೆ ಮಾಡುವ ಸೇವಾ ನಿರಾಕರಣೆ ದಾಳಿ ಗುರಿಯಿಟ್ಟೇ ಬರುತ್ತದೆ. ಹೀಗಾಗಿ ಪ್ರತಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸಾಲದು. ಯಾವ ಪ್ರತಿ ಎಲ್ಲಿದೆ ಎಂಬುದು ಹೊರಗಿನವರ ಊಹೆಗೆ ನಿಲುಕಬಾರದು, ಒಂದೊಂದು ಕೋರಿಕೆಗೂ ನಮಗೆ ತಗಲುವ ಶ್ರಮ ಕಡಿಮೆಯಾಗಬೇಕು.

ಮೊದಲ ಹೆಜ್ಜೆ, ದಾಖಲೆಗಳಿರುವ ಸರ್ವರ್‌ಗಳನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡದಿರುವುದು. 2018ರ ಫೆಬ್ರವರಿಯಲ್ಲಿ ತಂತ್ರಾಂಶಗಳ ಕೋಡ್ ಇಡುವ ಗಿಟ್‌ಹಬ್ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನಷ್ಟು, ಅಂದರೆ 1350 ಗಿಗಾಬಿಟ್, ದಟ್ಟಣೆ ನುಗ್ಗಿದ್ದು, ಯಾರು ಯಾರೋ ಕಾವಲಿಲ್ಲದೆ ಬಿಟ್ಟಿದ್ದ ಮೆಮ್‌ಕ್ಯಾಶ್‌ಡಿ (ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ತಂತ್ರಾಂಶ) ಸರ್ವರ್‌ಗಳ ಮೂಲಕ. ಕಳುಹಿಸಿದವನ ಜಾಗದಲ್ಲಿ ಗಿಟ್‌ಹಬ್‌ನ ವಿಳಾಸವನ್ನು ಸುಳ್ಳಾಗಿ ಹಾಕಿ, ಕಳುಹಿಸಿದವರು ಯಾರೆಂದು ಪರೀಕ್ಷಿಸದ ಯುಡಿಪಿ ವಿಧಾನದಲ್ಲಿ ಕಳುಹಿಸಿದ ಚಿಕ್ಕ ಕೋರಿಕೆಗೆ ಅವು ಸಾವಿರಾರು ಪಟ್ಟು ದೊಡ್ಡ ಉತ್ತರವನ್ನು ಆ ವಿಳಾಸದ ಕಡೆಗೆ ಎಸೆಯುತ್ತಿದ್ದವು. ಇಷ್ಟು ದಟ್ಟಣೆಯನ್ನು ನಮ್ಮ 1 ಗಿಗಾಬಿಟ್ ಸಂಪರ್ಕದ ತುದಿಯಲ್ಲಿ ಕುಳಿತು ಸೋಸಲಾಗದು. ದಟ್ಟಣೆಯನ್ನು ಮುಂಚೆಯೇ ಸೋಸಿ, ನಿಜವಾದ ಕೋರಿಕೆಗಳನ್ನಷ್ಟೇ ನಮಗೆ ದಾಟಿಸುವ ಸೇವೆಯನ್ನು ದೊಡ್ಡ ಜಾಲವುಳ್ಳವರಿಂದ ಕೊಳ್ಳುವುದೇ ಸರಿ.

ಎರಡನೆಯದು ದಾಖಲೆಗಳ ಹಂಚಿಕೆ. ಪ್ರತಿಯೊಂದು ಅರ್ಜಿಯ ಮೂರು ಪ್ರತಿಗಳನ್ನು ಮೂರು ಸ್ಥಳಗಳಲ್ಲಿ ಒಂದೊಂದರಂತೆ ಇಟ್ಟು, ಓದಲು ಎರಡು ಮತ್ತು ಬರೆಯಲು ಎರಡು ಸರ್ವರ್‌ಗಳ ಒಪ್ಪಿಗೆ ಸಾಕೆಂದು ನಿಯಮ ಮಾಡಿ. ಸ್ಥಳಕ್ಕೆ ಮೂರು ಸರ್ವರ್‌ಗಳಿರುವುದರಿಂದ ಸ್ಥಳಕ್ಕೊಂದರಂತೆ ಆರಿಸಿದ ಮೂರು ಸರ್ವರ್‌ಗಳ 27 (3×3×3) ಬಗೆಯ ಗುಂಪುಗಳಾಗುತ್ತವೆ. ದಾಳಿಕೋರ ಒಂದು ಗುಂಪಿನ ಮೂರೂ ಸರ್ವರ್‌ಗಳನ್ನು ಉಸಿರುಗಟ್ಟಿಸಿದರೂ, ಅವುಗಳಲ್ಲಿ ಎರಡು ಅಥವಾ ಮೂರನ್ನು ಹಂಚಿಕೊಂಡಿರುವ ಗುಂಪುಗಳು ಏಳು ಮಾತ್ರ; ಉಳಿದ 20 ಗುಂಪುಗಳ ಅರ್ಜಿಗಳು ಎಂದಿನಂತೆ ಸಿಗುತ್ತವೆ. ಸರ್ವರ್‌ಗಳನ್ನು ಬದಲಾಗದ ಮೂರು ಗುಂಪುಗಳಾಗಿ ಕಟ್ಟಿಹಾಕಿದ್ದರೆ ಮೂರನೆಯ ಒಂದು ಭಾಗ ಪೂರ್ತಿ ಕೈತಪ್ಪುತ್ತಿತ್ತು. ಯಾವ ಅರ್ಜಿ ಯಾವ ಗುಂಪಿಗೆ ಎಂಬುದನ್ನು ಸಾಮಾನ್ಯ ಹ್ಯಾಶ್‌ನಿಂದ (ಹೆಸರನ್ನು ಒಂದು ಸಂಖ್ಯೆಯಾಗಿಸುವ ಲೆಕ್ಕದಿಂದ) ನಿರ್ಧರಿಸಿದರೆ, ಒಂದೇ ಗುಂಪಿಗೆ ಬೀಳುವ ಹೆಸರುಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು. ಅದಕ್ಕಾಗಿ 2012ರಲ್ಲಿ ಬಂದ ಸಿಪ್‌ಹ್ಯಾಶ್‌ನಂತಹ, ಗುಪ್ತ ಕೀಲಿಯಿರುವ ವಿಧಾನವನ್ನು ಬಳಸಿ. ಕೀಲಿ ತಿಳಿದ ನೌಕರರು ಕೆಲಸ ಬಿಟ್ಟಾಗ ಹೊಸ ಅರ್ಜಿಗಳಿಗೆ ಹೊಸ ಕೀಲಿ ಹಾಕಿ, ಹಳೆಯವನ್ನು ದಟ್ಟಣೆಯಿಲ್ಲದ ಹೊತ್ತಿನಲ್ಲಿ ನಿಧಾನವಾಗಿ ಸ್ಥಳಾಂತರಿಸಬೇಕು.

ಮೂರನೆಯದು ದೊಡ್ಡ ಫೈಲುಗಳ ವಿಷಯ. ಸ್ಮರಣ ಸಂಚಿಕೆಗಳ ಭಾರೀ ಸ್ಕ್ಯಾನ್ ಫೈಲುಗಳಿಗೆ ಮೂರು ಪ್ರತಿಗಳು ದುಬಾರಿ. ಫೈಲನ್ನು ಆರು ತುಂಡು ಮಾಡಿ, 1960ರಷ್ಟು ಹಿಂದಿನ ರೀಡ್-ಸಾಲೊಮನ್ ವಿಧಾನದಿಂದ ಇನ್ನೂ ಮೂರು ತುಂಡುಗಳನ್ನು ಸೇರಿಸಿ ಸರ್ವರಿಗೊಂದರಂತೆ ಇಟ್ಟರೆ ಒಂಬತ್ತರಲ್ಲಿ ಯಾವ ಆರು ಸಿಕ್ಕರೂ ಫೈಲು ಪೂರ್ತಿ ಮರಳುತ್ತದೆ; ಜಾಗ ಒಂದೂವರೆ ಪಟ್ಟು ಸಾಕು. ಆದರೆ ಒಂದು ಸ್ಥಳ ಕೈಕೊಟ್ಟಾಗ ಉಳಿದ ಆರೂ ಸರ್ವರ್‌ಗಳು ಉತ್ತರಿಸಲೇಬೇಕು, ಒಂದು ತಡವಾದರೂ ಕಾಯಬೇಕು. ಆದ್ದರಿಂದ ಅವಸರದ ದಾಖಲೆಗಳಿಗೆ ಇದು ಬೇಡ.

ಹೆಚ್ಚಿನವರು ಎಡವುವುದು ನಾಲ್ಕನೆಯ ಹೆಜ್ಜೆಯಲ್ಲಿ, ಅಂದರೆ ಸರದಿಯ ನಿರ್ವಹಣೆಯಲ್ಲಿ. ಸೆಕೆಂಡಿಗೆ 1000 ಕೋರಿಕೆ ಮುಗಿಸಬಲ್ಲ ಸರ್ವರಿನ ಮುಂದೆ 10,000 ಕೋರಿಕೆಗಳು ನಿಂತರೆ ಕೊನೆಯದರ ಸರದಿ 10 ಸೆಕೆಂಡಿನ ಮೇಲೆ ಬರುತ್ತದೆ. ಅರ್ಜಿದಾರರ ಮೊಬೈಲು 2 ಸೆಕೆಂಡಿಗೇ ಕೈಬಿಟ್ಟಿದ್ದರೆ ಸರ್ವರ್ ಮಾಡುವುದು ಎದ್ದುಹೋದ ಪಂಕ್ತಿಗೆ ಬಡಿಸುವ ಕೆಲಸ. ಸರದಿಯನ್ನು 1000ಕ್ಕೆ ಮಿತಿಗೊಳಿಸಿ, ಹೆಚ್ಚಾದದ್ದನ್ನು ಬಾಗಿಲಲ್ಲೇ ತಿರಸ್ಕರಿಸಿ. ಪ್ರತಿ ಕೋರಿಕೆಯ ಜೊತೆ ಅದರ ಗಡುವನ್ನೂ ಕಳುಹಿಸಿದರೆ, ಅವಧಿ ಮೀರಿದವನ್ನು ಒಳಗಿನ ಸರ್ವರ್‌ಗಳು ಮುಟ್ಟದೆ ಬಿಸಾಡುತ್ತವೆ. ಇನ್ನು ಮರುಪ್ರಯತ್ನದ ವಿಷಯ. ಮೊಬೈಲ್ ಆಪ್, ವೆಬ್ ಸರ್ವರ್, ಡೇಟಾಬೇಸ್ ಚಾಲಕ (ಡ್ರೈವರ್ ತಂತ್ರಾಂಶ) ಮೂರೂ ತಲಾ ಮೂರು ಸಲ ಪ್ರಯತ್ನಿಸಿದರೆ ಒಂದು ಕೋರಿಕೆ 27 ಆಗಿ ಡಿಸ್ಕಿಗೆ ಬಡಿಯುತ್ತದೆ, ಹೊರಗಿನ ದಾಳಿಕೋರನೇ ಬೇಕಾಗಿಲ್ಲ. ಒಂದು ಹಂತದಲ್ಲಿ ಮಾತ್ರ ಮರುಪ್ರಯತ್ನಕ್ಕೆ ಅವಕಾಶ ಕೊಟ್ಟು, ನಡುವಿನ ಅಂತರವನ್ನು ಪ್ರತಿ ಸಲ ಇಮ್ಮಡಿಸಿ, ಎಲ್ಲರೂ ಒಟ್ಟಿಗೆ ಮುಗಿಬೀಳದಂತೆ ಅದರಲ್ಲಿ ಒಂದಿಷ್ಟು ಯಾದೃಚ್ಛಿಕ ಏರುಪೇರು ಬೆರೆಸಿ.

ಇಲ್ಲದ ಅರ್ಜಿ ಸಂಖ್ಯೆಗಳನ್ನು ಕೇಳುವುದು ಇನ್ನೊಂದು ಹಳೆಯ ಉಪಾಯ. ಕ್ಯಾಶ್‌ನಲ್ಲಿ (ಪದೇ ಪದೇ ಕೇಳುವುದನ್ನು ಇಟ್ಟಿರುವ ಮೆಮೊರಿಯಲ್ಲಿ) ಸಿಗದ ಕಾರಣ ಅಂಥ ಪ್ರತಿಯೊಂದು ಕೋರಿಕೆಯೂ ಡಿಸ್ಕಿನವರೆಗೆ ಹೋಗುತ್ತದೆ. 10 ಲಕ್ಷ ದಾಖಲೆಗಳಿಗೆ, ತಲಾ 10 ಬಿಟ್‌ನಂತೆ, ಒಂದೂಕಾಲು ಮೆಗಾಬೈಟ್‌ನ ಬ್ಲೂಮ್ ಫಿಲ್ಟರ್ (ಒಂದು ಸಂಖ್ಯೆ ಖಂಡಿತ ಇಲ್ಲವೋ, ಬಹುಶಃ ಇದೆಯೋ ಎಂದು ಹೇಳುವ ಚಿಕ್ಕ ಪಟ್ಟಿ) ಸಾಕು: ಇಲ್ಲದ ಸಂಖ್ಯೆಗಳಲ್ಲಿ ನೂರಕ್ಕೆ ಸುಮಾರು 99ನ್ನು ಅದು ಮೆಮೊರಿಯಲ್ಲೇ ತಡೆಯುತ್ತದೆ.

ಐಪಿ ವಿಳಾಸಕ್ಕೆ ಇಷ್ಟು ಕೋರಿಕೆ ಎಂದು ಮಿತಿ ಹಾಕುವಾಗ ಕೈ ಬಿಗಿಯಾಗಬಾರದು. ಮೊಬೈಲ್ ಜಾಲಗಳಲ್ಲಿ ಬಹಳಷ್ಟು ಗ್ರಾಹಕರು ಒಂದೇ ವಿಳಾಸದ ಹಿಂದೆ ಇರುತ್ತಾರೆ. ಡೊಂಬಿವಲಿ ಲೋಕಲ್‌ನಲ್ಲಿ ನಿಂತು ಅರ್ಜಿ ತುಂಬುತ್ತಿರುವ ನಿರಪರಾಧಿಗಳೂ ದಾಳಿಕೋರನ ಜೊತೆ ಹೊರಬೀಳುತ್ತಾರೆ. ಲಾಗಿನ್ ಆದ ಖಾತೆಗೆ ಇಷ್ಟು ಅಂಕ ಎಂದು ಮಿತಿ ಹಾಕಿ, ಹುಡುಕಾಟದಂತಹ ಭಾರದ ಕೆಲಸಕ್ಕೆ ಹೆಚ್ಚು ಅಂಕ ಕಡಿತಗೊಳಿಸುವುದು ನ್ಯಾಯವಾದ ಕ್ರಮ.

ದಾಳಿಯಿಂದ ನಿಧಾನಗೊಂಡ ಸರ್ವರನ್ನು ಸತ್ತಿದೆಯೆಂದು ತಿಳಿದು ವ್ಯವಸ್ಥೆಯೇ ಹೊಸ ಪ್ರತಿಗಳನ್ನು ಮಾಡಲು ಹೊರಟರೆ ಉಳಿದ ಬ್ಯಾಂಡ್‌ವಿಡ್ತ್ ಅದಕ್ಕೇ ಹೋಗುತ್ತದೆ. ಆ ಕೆಲಸಕ್ಕೆ ಅರ್ಧ ಗಂಟೆಯ ತಡೆಯನ್ನೂ ವೇಗದ ಮಿತಿಯನ್ನೂ ಇಡಿ. ಲಾಗ್‌ಗಳನ್ನು (ಸರ್ವರಿನ ದಿನಚರಿಗಳನ್ನು) ಬೇರೆ ಡಿಸ್ಕಿಗೆ ಬರೆಯಿರಿ, ಇಲ್ಲವಾದರೆ ದಾಳಿಯ ಸಾಲುಗಳೇ ದಾಖಲೆಗಳ ಜಾಗ ತುಂಬುತ್ತವೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಂತೆ ಈ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಮತ್ತು ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಸಲ್ಲಿಸಬೇಕು. ಆ ವರದಿಯನ್ನು ಯಾರು ಬರೆಯುತ್ತಾರೆ ಎಂಬುದನ್ನು ಕಾರ್ಯಕಾರಿ ಸಮಿತಿ ಮೊದಲೇ ಗೊತ್ತುಮಾಡಿರಲಿ.